ಗಾಳಿ ಹೋದ ಮರುದಿನದ ಕೆಲಸ

ಬೆಂಗಳೂರಿಗೆ ಸಮುದ್ರವಿಲ್ಲ, ಆದ್ದರಿಂದ ಬಿರುಗಾಳಿಯ ಭಯವೂ ಇಲ್ಲ ಎಂದು ಜನ ನಂಬಿದ್ದ ಕಾಲದಲ್ಲಿ ನಾನು ವಿಮಾ ಕಂಪನಿಯ ಕ್ಲೇಮ್ ವಿಭಾಗಕ್ಕೆ ಸೇರಿದೆ. ಆ ನಂಬಿಕೆ ಪ್ರತಿವರ್ಷ ಯುಗಾದಿಯವರೆಗೆ ಗಟ್ಟಿಯಾಗಿರುತ್ತಿತ್ತು. ಯುಗಾದಿ ಕಳೆದು ಸೆಕೆ ಏರಬೇಕು. ಒಂದು ಮಧ್ಯಾಹ್ನ ಹಲಸೂರು ಕೆರೆಯ ಮೇಲಿನ ಆಕಾಶ ಮಸಿ ಬಳಿದ ಹಾಗೆ ಆಗಬೇಕು. ಸ್ವಲ್ಪ ಹೊತ್ತು ಗಾಳಿ ಬೀಸಿ, ಆಲಿಕಲ್ಲು ಸುರಿದು ಹೋಗಬೇಕು. ಅಷ್ಟೇ. ಮರುದಿನ ಬೆಳಿಗ್ಗೆ ಬೀಗ ತೆಗೆಯುವ ಮೊದಲೇ ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಜನ ಕೂತಿರುತ್ತಿದ್ದರು. ಕೆಲವರ ಕೈಯಲ್ಲಿ ಒಡೆದ ಹೆಂಚು ಸಾಕ್ಷಿಗೆಂದು ಇರುತ್ತಿತ್ತು. ಹೆಂಚನ್ನು ಆಫೀಸಿಗೆ ತಂದರೆ ಮನೆಯಲ್ಲಿ ಸಾಕ್ಷಿ ಏನುಳಿಯಿತು ಎಂದು ನಾವು ಕೇಳುತ್ತಿದ್ದೆವು.

ನನ್ನ ತಂಗಿಯ ಮೊಮ್ಮಗಳು ಈಚೆಗೆ ಸರ್ವೇಯರ್ ಪರೀಕ್ಷೆ ಪಾಸು ಮಾಡಿದ್ದಾಳೆ. “ತಾತ, ಆಗ ಕೈಲಿ ಕ್ಯಾಮೆರಾನೂ ಇಲ್ದೆ ಹೇಗ್ರೀ ನಷ್ಟ ಬರೀತಿದ್ರಿ?” ಎಂದು ಕೇಳಿದಳು. ಹೇಳಲು ಕೂತರೆ ಅವಳ ಕಾಫಿ ಆರಿಹೋಯಿತು, ನನ್ನ ಮಾತು ಮುಗಿಯಲಿಲ್ಲ. ಬರೆದು ಕೊಡುವುದೇ ಮೇಲು ಅನ್ನಿಸಿತು. ಅವಳಂಥವರು ಇನ್ನೂ ಇರಬಹುದು, ಅವರಿಗೂ ಆಯಿತು.

ಮೊದಲು ನಾನು ಯಾರು ಎಂದು ಹೇಳಿಬಿಡುತ್ತೇನೆ, ಮುಂದೆ ಅದರ ಕೆಲಸವಿದೆ. ನಮ್ಮಪ್ಪ ಮುನಿಯಪ್ಪ ಶಿವಾಜಿನಗರದಲ್ಲಿ ಜಟಕಾ ಹೊಡೆಯುತ್ತಿದ್ದರು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲನೆಯವನು ನಾನು. ಹಗಲು ಒಂದು ದಿನಸಿ ಅಂಗಡಿಯಲ್ಲಿ ಲೆಕ್ಕ ಬರೆದು, ಸಂಜೆ ಕಾಲೇಜಿಗೆ ಹೋಗಿ, ಒಂದು ಸಲ ಫೇಲಾಗಿ, ಮತ್ತೆ ಕಟ್ಟಿ ಬಿ.ಕಾಂ. ಮಾಡಿದೆ. ಈ ಮಾತನ್ನು ನಾನು ಎಲ್ಲಿಯೂ ಮೆಲ್ಲಗೆ ಹೇಳಿದವನಲ್ಲ. ನೇಮಕದ ಕಾಗದ ಬಂದ ದಿನ ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಸರಿ, ಆಫೀಸಿಗೆ ಹೋಗೋ ಮುಂಚೆ ಕುದುರೆಗೆ ಹುಲ್ಲು ಹಾಕ್ಬಿಟ್ಟು ಹೋಗು” ಎಂದರು. ಹಾಕಿಯೇ ಹೋದೆ. ಜಟಕಾ ಸ್ಟ್ಯಾಂಡಿನಲ್ಲಿ ಬೆಳೆದದ್ದರಿಂದ ದಖನಿ ಉರ್ದು ನನಗೆ ಮನೆಮಾತಿನಷ್ಟೇ ಸಲೀಸು. ತಮಿಳು ಹಲಸೂರಿನ ಗೆಳೆಯರಿಂದ ಬಂತು. ಇಂಗ್ಲಿಷು ಮಾತ್ರ ದುಡ್ಡು ಕೊಟ್ಟು ಕಲಿತದ್ದು.

ನಮ್ಮ ಮೇಲಧಿಕಾರಿ ಶೇಷಾದ್ರಿಯವರು. ಹಣೆಗೆ ಕೆಂಪು ಶ್ರೀಚೂರ್ಣ, ಕೈಯಲ್ಲಿ ಬೇಸಿಗೆಯಲ್ಲೂ ಕೊಡೆ. ಯಾರನ್ನೂ ನಂಬಬಾರದು ಎಂಬುದು ಅವರ ಸ್ವಭಾವವಲ್ಲ, ಶಿಸ್ತು. ಸೇರಿದ ವಾರವೇ ನನ್ನನ್ನು ಮುಂದೆ ನಿಲ್ಲಿಸಿಕೊಂಡು ಹೇಳಿದರು: “ನೋಡಯ್ಯಾ, ಗಾಳಿ ಪ್ರಾಮಾಣಿಕ. ತಾನು ಮಾಡಿದ್ದನ್ನ ಅಲ್ಲೇ ಬಿಟ್ಟು ಹೋಗುತ್ತೆ. ಮನುಷ್ಯ ಹಾಗಲ್ಲ, ಗುಡಿಸಿಬಿಡ್ತಾನೆ. ಅವನು ಗುಡಿಸೋ ಮುಂಚೆ ನೀನು ಅಲ್ಲಿರಬೇಕು.”

ಆ ‘ಮುಂಚೆ’ಗಾಗಿ ಶಿವರಾತ್ರಿಯಿಂದಲೇ ತಯಾರಿ. ಬೆಂಕಿಯ ಪಾಲಿಸಿಗೆ ಸ್ವಲ್ಪ ಹೆಚ್ಚು ಕಟ್ಟಿ ಬಿರುಗಾಳಿಯನ್ನೂ ಸೇರಿಸಿಕೊಂಡ ಮನೆಗಳು ಯಾವುವು ಎಂದು ಹುಡುಕಿ, ಆ ಕಾಗದಗಳನ್ನು ಹೆಸರಿನ ಪ್ರಕಾರವಲ್ಲದೆ ಬೀದಿಯ ಪ್ರಕಾರ ಜೋಡಿಸುತ್ತಿದ್ದೆವು. ಗಾಳಿಗೆ ಅಕ್ಷರಮಾಲೆ ಗೊತ್ತಿಲ್ಲ, ಅದು ಬೀದಿ ಹಿಡಿದು ಹೋಗುತ್ತದೆ. ಸುಣ್ಣ ಹೊಡೆಯುವವರ ಹತ್ತಿರ ಏಣಿಗೆ ಮೊದಲೇ ಹೇಳಿಡುತ್ತಿದ್ದೆವು. ಗಾಳಿ ಬಂದ ಮೇಲೆ ಊರಲ್ಲಿ ಏಣಿ ಸಿಕ್ಕುವುದಿಲ್ಲ. ಆಮೇಲೆ ಮನೆಮನೆಗೆ ಹೋಗಿ ಹೇಳುವುದು: ಸೂರಿನ ಮೇಲೆ ಬಾಗಿದ ಕೊಂಬೆ ಕಡಿಸಿ, ಮಳೆನೀರಿನ ತಗಡಿನ ದೋಣಿಯಲ್ಲಿ ಕಟ್ಟಿದ ಎಲೆ ತೆಗೆಸಿ, ಒಂದು ಟಾರ್ಪಾಲು ಇಟ್ಟುಕೊಳ್ಳಿ. ಅಕಸ್ಮಾತ್ ಏನಾದರೂ ಆದರೆ ಟಾರ್ಪಾಲು ಹೊದಿಸಿ ಮಳೆ ತಡೆಯಿರಿ, ಆದರೆ ಒಡೆದದ್ದನ್ನು ಎಸೆಯಬೇಡಿ, ಒಂದು ಮೂಲೆಗೆ ರಾಶಿ ಹಾಕಿ. ಬೆನ್ಸನ್ ಟೌನಿನ ದೊಡ್ಡ ಬಂಗಲೆಗಳಲ್ಲಿ ಇದನ್ನು ಕೇಳಿ ತಲೆಯಾಡಿಸಿ ಒಳಗೆ ಹೋಗುತ್ತಿದ್ದರು. ಅಪ್ಪನ ಗಾಡಿಯಲ್ಲಿ ಸಾಮಾನು ಇಳಿಸಲು ಹಿಂಬಾಗಿಲಿಗೆ ಹೋಗಿದ್ದ ಅವೇ ಬಂಗಲೆಗಳಿಗೆ ಈಗ ಮುಂಬಾಗಿಲಿನಿಂದ ಹೋಗುತ್ತಿದ್ದೆ. ಜಗುಲಿಯ ಬೆತ್ತದ ಕುರ್ಚಿಯಲ್ಲಿ ಕೂರಿ ಎಂದಾಗ, ಎರಡನೇ ಸಲ ಹೇಳುವವರೆಗೆ ಕಾಯಬಾರದು ಎಂದು ಕಲಿಯಲು ನನಗೆ ಒಂದು ಮಳೆಗಾಲ ಬೇಕಾಯಿತು.

ನನ್ನ ಮೊದಲನೇ ಪೆಟ್ಟು ಹಲಸೂರಿನಲ್ಲಿ. ಮೊದಲ ಸಂಬಳದಲ್ಲಿ ಕೊಂಡ ಚರ್ಮದ ಬೂಟು ತೆಗೆಯುವುದಕ್ಕೆ ಮನಸ್ಸಾಗದೆ, ಹಾಗೇ ಏಣಿ ಹತ್ತಿ, ಮೊದಲಿಯಾರರ ಮನೆಯ ಮಂಗಳೂರು ಹೆಂಚಿನ ಮೇಲೆ ಕಾಲಿಟ್ಟೆ. ಹೆಂಚು ಹಪ್ಪಳದಂತೆ ಒಡೆದು ಒಂದು ಕಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ಕೆಳಗೆ ಅಡುಗೆಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಮುದುಕಿ ತಲೆಯೆತ್ತಿ ಸೂರಿನಲ್ಲಿ ಬೂಟು ನೋಡಿದರು. ಕೂಗಾಡಲಿಲ್ಲ. “ತಂಬಿ, ಗಾಳಿ ಒಡೆದಿದ್ದಕ್ಕೆ ನಿಮ್ ಕಂಪನಿ ಕೊಡುತ್ತೆ. ನೀನು ಒಡೆದಿದ್ದಕ್ಕೆ ಯಾರ್ ಕೊಡ್ತಾರಪ್ಪಾ?” ಎಂದು ಕೇಳಿದರು. ಶೇಷಾದ್ರಿಯವರು ಅದನ್ನು ಕ್ಲೇಮಿಗೆ ಸೇರಿಸಲಿಲ್ಲ, ನನ್ನ ಸಂಬಳದಿಂದ ಹಿಡಿದುಕೊಂಡರು. ಅಂದಿನಿಂದ ಬರಿಗಾಲು, ಇಲ್ಲವೆ ಕ್ಯಾನ್ವಾಸ್ ಬೂಟು. ಹೆಜ್ಜೆ ಹೆಂಚಿನ ನಡುವೆ ಅಲ್ಲ, ಕೆಳಗೆ ಮರದ ರೀಪು ಇರುವ ಕಡೆ.

ಎಲ್ಲ ಕ್ಲೇಮೂ ದುಃಖದ್ದೇ ಎಂದುಕೊಳ್ಳಬೇಡಿ. ಸರಕಾರ ವಿಮಾ ಕಂಪನಿಗಳನ್ನು ವಹಿಸಿಕೊಂಡ ಮೇಲಿನ ಮಾತು ಇದು. ಇಂದಿರಾನಗರ ಆಗಿನ್ನೂ ಸೈಟಿನ ಕಲ್ಲು ನೆಟ್ಟ ಬಯಲು. ಹೊಸ ತಿಪ್ಪಸಂದ್ರದಲ್ಲಿ ಕಾರ್ಖಾನೆಯ ಇಬ್ಬರು ನೌಕರರು ಅಕ್ಕಪಕ್ಕ ಮನೆ ಕಟ್ಟಿಸಿದ್ದರು. ಒಬ್ಬರ ಮನೆಯ ಸೂರಿನ ಶೀಟು ಹಾರಿ ಪಕ್ಕದವರ ತುಳಸಿಕಟ್ಟೆಯ ಮೇಲೆ ಬಿತ್ತು. ಕಟ್ಟೆಯವರು ಶೀಟನ್ನು ಬಚ್ಚಿಟ್ಟುಕೊಂಡು, “ಕಟ್ಟೆ ಕಟ್ಟಿಸ್ಕೊಡ್ಲಿ, ಆಮೇಲೆ ಶೀಟು” ಎಂದರು. ಶೀಟಿನವರು, “ನೋಡ್ರೀ, ನನ್ ಶೀಟ್ ಇವ್ರ ಮಂಚದ್ ಕೆಳಗಿದೆ, ಹಾರಿದ್ದು ನಿಜ ಅನ್ನೋದಕ್ಕೆ ಇನ್ನೇನ್ ಬೇಕು?” ಎಂದು ನನ್ನ ಕೈ ಹಿಡಿದು ಎಳೆದರು. ಇಬ್ಬರೂ ಒಂದೇ ಶಿಫ್ಟು, ಒಂದೇ ಬಸ್ಸು. ಮಾತು ಬಿಟ್ಟಿದ್ದರೂ ಒಂದೇ ಸೀಟಿನಲ್ಲಿ ಕೂತು ಹೋಗುತ್ತಿದ್ದರಂತೆ. ಆ ಕಾಲಕ್ಕೆ ನಮಗೆ ಬಾಡಿಗೆಗೆ ಒಬ್ಬ ಸ್ಟುಡಿಯೋ ಫೋಟೋಗ್ರಾಫರು ಸಿಗುತ್ತಿದ್ದ. ಅವನು ಇಬ್ಬರನ್ನೂ ಒಡೆದ ಕಟ್ಟೆಯ ಮುಂದೆ ನಿಲ್ಲಿಸಿ, “ಸ್ವಲ್ಪ ಹತ್ರ ಬನ್ನಿ ಸಾರ್” ಎಂದು ಮದುವೆ ಫೋಟೋ ತೆಗೆದ ಹಾಗೆ ತೆಗೆದ. ಅದು ಫೈಲಿಗೆ ಹೋಯಿತು. ಒಂದೊಂದು ಪ್ರತಿ ಇಬ್ಬರ ಮನೆಯಲ್ಲೂ ತೂಗಿದ್ದನ್ನು ನಾನೇ ನೋಡಿದ್ದೇನೆ.

ಫೋಟೋ ಬಂದ ಮೇಲೆ ಕೆಲಸ ಸುಲಭವಾಯಿತು, ಸುಳ್ಳೂ ಸುಲಭವಾಯಿತು. ಆ ಮಾತು ಬೇರೆ. ಕ್ಲೇಮ್ ಎಂದರೆ ಏನು ಎಂದು ನನಗೆ ಗೊತ್ತಾದದ್ದು ಫೋಟೋ ಬರುವುದಕ್ಕಿಂತ ಮೊದಲು, ಶಿವಾಜಿನಗರದ ಗಫಾರ್ ಸಾಹೇಬರ ಮನೆಯಲ್ಲಿ.

ಗಫಾರ್ ಸಾಹೇಬರದು ಪುಸ್ತಕ ಬೈಂಡಿಂಗ್ ಅಂಗಡಿ. ನಮ್ಮ ಆಫೀಸಿನ ದಪ್ಪ ಪುಸ್ತಕಗಳಿಗೆಲ್ಲ ರಟ್ಟು ಕಟ್ಟಿ ಕೊಡುತ್ತಿದ್ದವರು ಅವರೇ. ಹಾಗೆ ಬಂದು ಹೋಗುವಾಗಲೇ ಏಜೆಂಟರೊಬ್ಬರು ಅವರಿಗೆ ಮನೆಯ ಪಾಲಿಸಿ ಮಾಡಿಸಿದ್ದರು. ಹೆಂಡತಿ ತೀರಿಕೊಂಡಿದ್ದರು, ಇರುವವಳು ಒಬ್ಬಳೇ ಮಗಳು, ನೂರ್. ಹಾಳೆಗಳನ್ನು ಕಟ್ಟುಕಟ್ಟಾಗಿ ದಾರದಲ್ಲಿ ಹೊಲಿಯುವುದು ಅವಳ ಕೆಲಸ. ಅವಳ ಹೊಲಿಗೆಯ ಪುಸ್ತಕ ಹರಿದರೂ ಹಾಳೆ ಉದುರುವುದಿಲ್ಲ ಎಂದು ಸಾಹೇಬರು ಹೇಳಿಕೊಳ್ಳುತ್ತಿದ್ದರು. ಅವಳಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ರಶೀದ್, ಪ್ರೆಸ್ಸಿನಲ್ಲಿ ಕೆಲಸ. ಫ್ರೇಜರ್ ಟೌನಿನಲ್ಲಿ ವಿಧವೆ ತಾಯಿ ಜೈನಬ್ ಬೀ, ಮೂವರು ಗಂಡುಮಕ್ಕಳು, ಇಕ್ಕಟ್ಟಿನ ಮನೆ. ಮದುವೆಯಾದ ಮೇಲೆ ಹುಡುಗ ಹುಡುಗಿ ಇಬ್ಬರೂ ಗಫಾರ್ ಸಾಹೇಬರ ಮನೆಯಲ್ಲೇ ಇರಲಿ, ಹಿಂದಿನ ಕೋಣೆ ಅವರಿಗೆ ಎಂದು ಮಾತಾಗಿತ್ತು. ತಾಯಿ ಒಪ್ಪಿದ್ದರು. ಆದರೆ ಹುಡುಗನ ಸೋದರಮಾವ, ಅಂದರೆ ಜೈನಬ್ ಬೀಯ ತಮ್ಮ, ಕೋಲಾರದವರು. “ಗಂಡು ಹುಡುಗ ಮಾವನ ಮನೇಲಿ ಇರೋದಾ? ಆ ಕೋಣೆ ಹೇಗಿದೆ ಅಂತ ಮೊದ್ಲು ನಾನು ನೋಡ್ಬೇಕು” ಎಂದು ಪಟ್ಟು ಹಿಡಿದಿದ್ದರು. ಕೋಣೆ ಇದ್ದರೆ ಸಂಬಂಧ. ಕೋಣೆ ಇಲ್ಲದಿದ್ದರೆ ಇಲ್ಲ.

ಅದು ಹೆಂಚು ಕೈಯಾಡಿಸುವ ತಿಂಗಳು. ಈಗಿನವರಿಗೆ ಇದು ಗೊತ್ತಿರಲಾರದು. ನಾಡಹೆಂಚಿನ ಮನೆಗೆ ಮಳೆಗಾಲಕ್ಕೆ ಮೊದಲು ಆಳು ಕರೆಸಿ ಹೆಂಚೆಲ್ಲ ಇಳಿಸಿ, ಒಡೆದದ್ದು ತೆಗೆದು, ಕಸ ಗುಡಿಸಿ, ಮತ್ತೆ ಜೋಡಿಸಿ ಹೊದಿಸಬೇಕು. ಆ ದಿನಗಳಲ್ಲಿ ಶಿವಾಜಿನಗರದ ಓಣಿಗಳಲ್ಲಿ ಹೆಂಚಿನ ರಾಶಿ ದಾಟಿಕೊಂಡೇ ನಡೆಯಬೇಕು. ಗಫಾರ್ ಸಾಹೇಬರ ಮನೆಯಲ್ಲಿ ಮುಂದಿನ ಭಾಗ ಕೈಯಾಡಿಸಿ ಮುಗಿದಿತ್ತು. ಹಿಂದಿನ ಕೋಣೆಯದು ಮರುದಿನ ಎಂದು ಆಳುಗಳು ಹೋದರು. ಅದೇ ಸಂಜೆ ಗಾಳಿ ಬಂತು. ಹಿಂದಿನ ಓಣಿಯಿಂದ ನುಗ್ಗಿ, ಕೋಣೆಯ ಹೆಂಚನ್ನು ಕೆದರಿ ಎಸೆದು, ಹೆಂಚು ಹೊತ್ತ ಪಕಾಸುಗಳನ್ನು ಮುರಿಯಿತು; ಅವುಗಳ ಜೊತೆ ಹಿತ್ತಲ ಕಡೆಯ ಗೋಡೆ ಒಳಕ್ಕೆ ಬಿತ್ತು. ತಂದೆ ಮಗಳು ಮುಂದಿನ ಕೋಣೆಯಲ್ಲಿದ್ದರು, ಬದುಕಿಕೊಂಡರು.

ಮರುದಿನ ಅವರು ಕಳಿಸಿದ ಚೀಟಿ ಹಿಡಿದು ಹೋದೆ. ಬಾಗಿಲಲ್ಲೇ ಗಫಾರ್ ಸಾಹೇಬರು ಎದುರಾಗಿ ನನ್ನ ಅಳತೆ ಟೇಪನ್ನು ಕಸಿದು ನನ್ನ ಪ್ಯಾಂಟಿನ ಜೇಬಿಗೇ ತುರುಕಿದರು.

“ಕೋಲಾರದೋರು ಬಂದ್ಬಿಟ್ಟಿದಾರೆ ಬೇಟಾ. ಹೇಳಿದ್ದಕ್ಕಿಂತ ಒಂದು ದಿನ ಮುಂಚೆ. ನೀನು ಇನ್ಶೂರೆನ್ಸ್ ಅಲ್ಲ, ತಿಳೀತಾ? ನೀನು ಮುನಿಯಪ್ಪನ ಮಗ, ಅಷ್ಟೇ.”

“ಅದು ಹೌದಲ್ಲ ಚಾಚಾ” ಎಂದೆ.

“ಅದಕ್ಕೇ ಹೇಳಿದ್ದು. ಸುಳ್ಳು ಹೇಳೋ ಕೆಲಸ ಇಲ್ಲ.”

ನಡುಮನೆಯಲ್ಲಿ ಚಾಪೆಯ ಮೇಲೆ ಕೋಲಾರದ ಮಾವ ಎದೆಯುಬ್ಬಿಸಿ ಕೂತಿದ್ದರು. ಸ್ವಲ್ಪ ದೂರದಲ್ಲಿ ಗೋಡೆಗೆ ಒರಗಿ ಜೈನಬ್ ಬೀ. ಹಿಂದಿನ ಕೋಣೆಯ ಬಾಗಿಲಿಗೆ ಹಸಿರು ಪರದೆ ಬಿಟ್ಟಿತ್ತು. ಬಾಗಿಲ ಈಚೆಯ ನೆಲ ತೊಳೆದು ಒರೆಸಿತ್ತು. ಒಂದು ಚೂರು ಹೆಂಚಿಲ್ಲ, ಒಂದು ಹಿಡಿ ಮಣ್ಣಿಲ್ಲ. ಬೆಳಗಾಗುವುದರೊಳಗೆ ತಂದೆ ಮಗಳು ಸೇರಿ ಎಲ್ಲವನ್ನೂ ಹೊತ್ತು, ಓಣಿಯಲ್ಲಿ ಎಲ್ಲರ ಮನೆಯ ಮುಂದೆ ಇದ್ದಂಥ ರಾಶಿಗಳಲ್ಲಿ ಬೆರೆಸಿಬಿಟ್ಟಿದ್ದರು. ಶೇಷಾದ್ರಿಯವರ ಮಾತು ನೆನಪಾಯಿತು. ಇಲ್ಲಿ ಮನುಷ್ಯ ಪೂರ್ತಿ ಗುಡಿಸಿದ್ದ.

ಮಾವ ಮೀಸೆ ಒರೆಸಿಕೊಂಡು, “ಕೋಣೆ ನೋಡ್ಬಹುದಾ?” ಎಂದರು.

“ಒಳಗೆ ಪರದೆ ಹೆಂಗಸರಿದ್ದಾರೆ” ಎಂದರು ಗಫಾರ್ ಸಾಹೇಬರು. “ಮೊಹಲ್ಲಾದೋರು. ಹುಡುಗಿ ಜೊತೆ ಕೂತಿದ್ದಾರೆ.”

ಅಂಥ ಮಾತಿನ ಮೇಲೆ ಗಂಡಸಾದವನು ಏಳುವ ಹಾಗಿಲ್ಲ. ಮಾವ ಕೂತಲ್ಲೇ ಕೂತರು. ನನಗೂ ಅದೇ ಗತಿ: ನಷ್ಟ ನೋಡಲು ಬಂದ ಕಂಪನಿಯ ಇನ್‌ಸ್ಪೆಕ್ಟರು, ಜೇಬಿನಲ್ಲಿ ಟೇಪು ಇಟ್ಟುಕೊಂಡು ಪರದೆಯ ಈಚೆಗೆ ಕೂತು ನನ್ನಾರಿ ಶರಬತ್ತು ಕುಡಿಯುತ್ತಿದ್ದೆ. ಮಾವ ನನ್ನನ್ನು ನೋಡಿ, “ನೀವು?” ಎಂದರು.

“ಮುನಿಯಪ್ಪನ ಮಗ” ಎಂದೆ.

“ಏನ್ ಮಾಡ್ತೀರಿ?”

“ಬಿ.ಕಾಂ.” ಎಂದುಬಿಟ್ಟೆ. ಅದು ಕೆಲಸದ ಹೆಸರಲ್ಲ ಎಂದು ಹೊಳೆಯುವಷ್ಟರಲ್ಲಿ ಮಾವ ಗೌರವದಿಂದ ತಲೆಯಾಡಿಸಿದ್ದರು.

ಆಗ ಜೈನಬ್ ಬೀ ಪರದೆಯ ಕಡೆ ನೋಡಿದರು. ಅವರು ಹೆಂಗಸು, ಒಳಗೆ ಹೋಗಲು ಅವರಿಗೆ ಯಾವ ಅಡ್ಡಿಯೂ ಇಲ್ಲ. ಗಫಾರ್ ಸಾಹೇಬರಿಗೆ ಇದು ತಟ್ಟನೆ ಹೊಳೆದು ಮುಖ ಬಿಳುಚಿಕೊಂಡಿತು. ಜೈನಬ್ ಬೀ ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. “ಹೊತ್ತಾಯ್ತು, ನಡಿ” ಎಂದು ತಮ್ಮನಿಗೆ ಹೇಳಿ ಹೊರಬಾಗಿಲಿನತ್ತ ಹೊರಟರು. ಕೋಣೆಯ ಮಾತು ಇನ್ನೊಂದು ಸಲಕ್ಕೆ ಎಂದಾಯಿತು.

ಅವರು ಓಣಿ ದಾಟಿದ ಮೇಲೆ ನಾನು ಪರದೆ ಎತ್ತಿದೆ. ಒಳಗೆ ಯಾವ ಹೆಂಗಸರೂ ಇರಲಿಲ್ಲ. ಮೂರು ಗೋಡೆ, ಆಕಾಶ, ಮೂಲೆಯಲ್ಲಿ ದಾರದ ಉಂಡೆ ಹಿಡಿದು ನಿಂತ ನೂರ್.

ಆಫೀಸಿನಲ್ಲಿ ಶೇಷಾದ್ರಿಯವರು ನಾನು ಬರೆದದ್ದನ್ನು ಓದಿ ಕನ್ನಡಕ ತೆಗೆದರು. “ಇದು ಗಾಳಿ ಅಲ್ಲ ಕಣಯ್ಯಾ, ಮರಾಮತ್ತು. ಓಣಿ ತುಂಬಾ ಹೆಂಚು ಇಳಿಸಿದ್ರು ಅಂತ ನೀನೇ ಬರೆದಿದ್ದೀಯ. ಇವರೂ ಇಳಿಸಿದ್ರು. ಬೋಳು ಗೋಡೆ ಮೇಲೆ ಮಳೆ ಬಿತ್ತು, ನೆನೆದು ಕುಸೀತು. ರಿಪೇರಿಗೆ ತೆಗೆದಿಟ್ಟ ಸೂರಿಗೆ ನಾವು ಕೊಡೋ ಹಾಗಿಲ್ಲ.”

“ಹಿಂದಿನ ಕೋಣೆ ಹೆಂಚು ಮುಟ್ಟೇ ಇರ್ಲಿಲ್ಲ ಅಂತ ಆಳುಗಳು ಹೇಳ್ತಾರೆ ಸಾರ್.”

“ಕೂಲಿ ಕೊಡೋವ್ರ ಪರವಾಗಿ ಕೂಲಿಯವರು ಇನ್ನೇನು ಹೇಳ್ತಾರೆ?”

ಕೂಲಿಯವರ ಮಗನಾದ ನನಗೆ ಆ ಮಾತು ಚುಚ್ಚಿತು. ಮುಖದಲ್ಲಿ ಕಂಡಿರಬೇಕು. ಅವರು ದನಿ ತಗ್ಗಿಸಿದರು: “ನಿನಗೆ ಅವರು ಬೇಕಾದವರು. ನಮಗೂ ಬೇಕಾದವರೇ. ಅದಕ್ಕೇ ಹೇಳೋದು, ನಮ್ಮ ಬೈಂಡರ್ ಅಂತ ಬಿಟ್ಟುಕೊಟ್ರೆ ನಾಳೆ ಇನ್ನೊಬ್ಬರಿಗೆ ಯಾವ ಬಾಯಲ್ಲಿ ಇಲ್ಲ ಅನ್ಲಿ? ಆ ದಿನ ಆ ಕೋಣೆ ಮೇಲೆ ಹೆಂಚಿತ್ತು ಅಂತ ಹೇಳೋ ಒಬ್ಬ ಹೊರಗಿನವರನ್ನ ತಾ. ಒಬ್ಬರು ಸಾಕು.”

ಅಕ್ಕಪಕ್ಕದವರಿಗೆ ಹಿತ್ತಲ ಕಡೆ ಕಾಣುವುದಿಲ್ಲ. ನಾನು ಮತ್ತೆ ಹೋಗಿ ತಂದೆ ಮಗಳನ್ನು ಕೂರಿಸಿಕೊಂಡು ಕೇಳಿದೆ: ಗಾಳಿ ಬರುವ ಮುಂಚೆ, ಆ ದಿನ, ಯಾರಾದರೂ ಆ ಕೋಣೆಗೆ ಬಂದಿದ್ದರೇ? ಗಫಾರ್ ಸಾಹೇಬರು ಇಲ್ಲವೆಂದರು. ನೂರ್ ತಲೆ ತಗ್ಗಿಸಿ, “ಬಂದಿದ್ರು ಅಬ್ಬಾ. ನೀವು ಅಂಗಡೀಲಿದ್ರಿ” ಎಂದಳು. “ಮಧ್ಯಾಹ್ನ. ರಶೀದ್ ಅಮ್ಮೀಜಾನ್. ಮಂಚ ಹಿಡಿಸುತ್ತಾ ಅಂತ ಗೇಣು ಹಾಕಿ ಅಳೀತಿದ್ರು. ಆಮೇಲೆ ಮೋಡ ಕಟ್ಟಿದ್ದು ನೋಡಿ ಹೊರಟ್ರು.”

ಕೋಣೆ ಇತ್ತು ಎನ್ನುವುದಕ್ಕೆ ಇರುವ ಒಬ್ಬರೇ ಸಾಕ್ಷಿ, ಕೋಣೆ ಇಲ್ಲ ಎನ್ನುವುದು ಯಾರಿಗೆ ತಿಳಿಯಬಾರದಿತ್ತೋ ಅವರೇ.

“ನಕ್ಕೋ” ಎಂದರು ಗಫಾರ್ ಸಾಹೇಬರು. “ಬೇಡ ಬೇಟಾ. ಕ್ಲೇಮ್ ಬಿಟ್ಬಿಡು. ಸಾಲ ಸೋಲ ಮಾಡಿ ಕಟ್ತೀನಿ.”

“ಕಟ್ಟೋವರೆಗೆ ಪರದೆ ಹೆಂಗಸರು ಒಳಗೇ ಇರ್ತಾರಾ ಚಾಚಾ?” ಎಂದೆ.

ನನ್ನ ವಯಸ್ಸಿಗೆ ಅದು ದೊಡ್ಡ ಮಾತು. ಅವರು ನನ್ನನ್ನು ಹೊಡೆದಿದ್ದರೂ ಹೊಡೆಸಿಕೊಳ್ಳುತ್ತಿದ್ದೆ. ಮಗಳು ಮಾತ್ರ ಒಳಗೆ ಹೋಗಿ ಅವರ ಕರಿ ಟೋಪಿ ತಂದು ಎದುರಿಗಿಟ್ಟಳು.

ಫ್ರೇಜರ್ ಟೌನಿನವರೆಗೆ ಅಪ್ಪನ ಜಟಕಾದಲ್ಲೇ ಹೋದೆವು. ದಾರಿಯುದ್ದಕ್ಕೂ ಗಫಾರ್ ಸಾಹೇಬರು ಹೇಗೆ ಶುರುಮಾಡಬೇಕು ಎಂದು ಗೊಣಗಿಕೊಂಡು ಬಂದರು. ಜೈನಬ್ ಬೀಯ ಎದುರು ಕೂತಾಗ ಆ ಮಾತುಗಳಲ್ಲಿ ಒಂದೂ ಬರಲಿಲ್ಲ. “ಕೋಣೆ ಬಿದ್ದುಹೋಯ್ತು” ಎಂದರು, ಅಷ್ಟೇ. ಆಮೇಲೆ ಅವರಿಬ್ಬರು ಆಡಿದ್ದು ದಖನಿಯಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಗೊತ್ತು” ಎಂದರು ಜೈನಬ್ ಬೀ.

“ಯಾರು ಹೇಳಿದ್ರು?”

“ಪರದೆ. ಅಲುಗಾಡ್ತಿತ್ತು ಭಾಯಿಸಾಬ್. ನಾಲ್ಕು ಗೋಡೆ, ಸೂರು ಇರೋ ಕೋಣೆ ಒಳಗಿಂದ ಗಾಳಿ ಹೇಗೆ ಬರುತ್ತೆ?”

ಗಫಾರ್ ಸಾಹೇಬರು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. “ಗೊತ್ತಿದ್ದೂ ಒಳಗೆ ಹೋಗ್ಲಿಲ್ಲ ನೀವು.”

“ಹೋಗಿ ಬಂದಿದ್ರೆ ನನ್ ತಮ್ಮ ಕೇಳ್ತಿದ್ದ, ಕೋಣೆ ಹೇಗಿದೆ ಅಂತ. ಸುಳ್ಳು ಹೇಳ್ಬೇಕು, ಇಲ್ಲಾ ನಿಜ ಹೇಳ್ಬೇಕು. ಎರಡೂ ಬೇಡ ಅಂತ ಶರಬತ್ತು ಕುಡಿದು ಎದ್ದೆ.” ಅವರ ದನಿ ಅಲ್ಲಿಂದ ಮುಂದೆ ಗಡುಸಾಯಿತು. “ಗೋಡೆ ಬಿದ್ದಿದ್ದು ಅಲ್ಲಾಹನ ಗಾಳಿಗೆ. ಪರದೆ ಕಟ್ಟಿದ್ದು ನೀವು. ನನ್ ಮಗನನ್ನ ನಿಮ್ ಮನೆಗೆ ಕಳಿಸ್ತಿದ್ದೀನಿ, ನಾಳೆ ಇನ್ನೇನಕ್ಕೆ ಪರದೆ ಕಟ್ತೀರೋ ಅಂತ ನನಗೆ ನಿದ್ದೆ ಬರ್ಲಿಲ್ಲ. ನೀವಾಗೇ ಬಂದು ಹೇಳ್ತೀರಾ ನೋಡೋಣ, ಶುಕ್ರವಾರದವರೆಗೆ ಕಾಯೋಣ ಅಂದ್ಕೊಂಡೆ. ಇಲ್ಲದಿದ್ರೆ ಬೇರೆ ಕಡೆ ನೋಡೋದು.”

ಗಫಾರ್ ಸಾಹೇಬರು ನನ್ನತ್ತ ತಿರುಗಿ, “ಇವತ್ತು ಏನ್ ವಾರ ಬೇಟಾ?” ಎಂದು ಕೇಳಿದರು.

“ಗುರುವಾರ ಚಾಚಾ.”

ಜೈನಬ್ ಬೀಗೆ ನಗು ತಡೆಯಲಾಗಲಿಲ್ಲ. ಗಫಾರ್ ಸಾಹೇಬರು ಮಾತ್ರ ಟೋಪಿಯಿಂದ ಕಣ್ಣೊರೆಸಿಕೊಂಡರು.

ಶನಿವಾರ ಆಕೆ ಬುರ್ಖಾ ಹಾಕಿಕೊಂಡು, ಮಗ ರಶೀದನನ್ನು ಕೆಳಗೆ ನಿಲ್ಲಿಸಿ, ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಶೇಷಾದ್ರಿಯವರು ಎದ್ದು ನಿಂತು ಕುರ್ಚಿ ತೋರಿಸಿದರು. ಎದ್ದು ನಿಂತರೆಂದು ಪ್ರಶ್ನೆ ಮೆತ್ತಗಾಗಲಿಲ್ಲ.

“ಅಮ್ಮಾ, ಆ ಮಧ್ಯಾಹ್ನ ಕೋಣೆ ಮೇಲೆ ಹೆಂಚಿತ್ತು ಅಂತ ಹೇಗೆ ಹೇಳ್ತೀರಿ? ಮಂಚ ಅಳೆಯೋಕೆ ಹೋದವರು ನೆಲ ನೋಡ್ತಾರೆ. ಸೂರು ಯಾಕೆ ನೋಡ್ತಾರೆ?”

“ಸೂರು ನೋಡ್ಲಿಲ್ಲ ಸಾಬ್” ಎಂದರು ಜೈನಬ್ ಬೀ. “ಹೊರಗೆ ಇನ್ನೂ ಬಿಸಿಲು, ಒಳಗೆ ಕತ್ತಲೆ. ಗೇಣು ಹಾಕೋಕೆ ಕಾಣ್ತಿರ್ಲಿಲ್ಲ. ನೂರ್ ಬುಡ್ಡಿದೀಪ ತಂದು ಹಿಡಿದಳು. ಹೆಂಚಿಲ್ಲದ ಕೋಣೇಲಿ ನಡುಮಧ್ಯಾಹ್ನ ದೀಪ ಯಾಕೆ?”

ಶೇಷಾದ್ರಿಯವರ ಪೆನ್ನು ನಿಂತಿತು. ನಾನು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂತು. “ನೀವು ಅವರ ಬೀಗರು. ಬೀಗರ ಪರವಾಗಿ ಹೇಳೋದು ಸಹಜ ಅಲ್ವೇ?”

“ಇನ್ನೂ ಆಗಿಲ್ಲ ಸಾಬ್. ಬೇಡ ಅನ್ನೋ ಮಾತು ಇನ್ನೂ ನನ್ ಕೈಲೇ ಇದೆ. ನನ್ ಮಗ ಇರಬೇಕಾದ ಕೋಣೆ ಬಿದ್ದುಹೋಗಿದೆ ಅಂತ ಹೇಳೋಕೆ ಬಂದಿದ್ದೀನಿ. ಇದರಲ್ಲಿ ನನಗೇನು ಲಾಭ, ನೀವೇ ಹೇಳಿ.”

ಶೇಷಾದ್ರಿಯವರು ಆ ಹೇಳಿಕೆಯನ್ನು ನನ್ನ ಕೈಗೆ ಕೊಡದೆ ತಾವೇ ಬರೆದುಕೊಂಡರು. ಜೈನಬ್ ಬೀ ಮೆಟ್ಟಿಲಿಳಿದು ಹೋದ ಮೇಲೆ ಕೊಡೆಯ ಹಿಡಿ ಉಜ್ಜುತ್ತ, “ನನಗೆ ಇಷ್ಟು ವರ್ಷಕ್ಕೆ ಹೊಳೀಲಿಲ್ಲ ಕಣಯ್ಯಾ, ಬೆಳಕನ್ನ ಕೇಳ್ಬೇಕು ಅಂತ” ಎಂದರು. ಅಂದಿನಿಂದ ನಮ್ಮ ವಿಚಾರಣೆಯಲ್ಲಿ ಒಂದು ಹೊಸ ಪ್ರಶ್ನೆ ಸೇರಿತು: ಗಾಳಿ ಬರುವ ಮೊದಲು ಆ ಕೋಣೆಯಲ್ಲಿ ಏನು ಕೆಲಸ ಮಾಡುತ್ತಿದ್ದಿರಿ, ದೀಪ ಹಚ್ಚಿದ್ದಿರಾ? ಸುಳ್ಳು ಹೇಳಲು ಬಂದವರು ಹೆಂಚಿನ ಬಗ್ಗೆ ತಯಾರಾಗಿ ಬರುತ್ತಾರೆ. ದೀಪದ ಬಗ್ಗೆ ಯಾರೂ ತಯಾರಾಗಿರುವುದಿಲ್ಲ.

ಕ್ಲೇಮ್ ಪಾಸಾಯಿತು. ಹಳೆಯ ಗೋಡೆಗೆ ಹೊಸ ಗೋಡೆಯ ಬೆಲೆ ಕೊಡುವುದಿಲ್ಲವೆಂದು ಶೇಷಾದ್ರಿಯವರು ಕಡಿತ ಮಾಡಿದರು. ಗಫಾರ್ ಸಾಹೇಬರು ಅದಕ್ಕೆ ಚೌಕಾಸಿ ಮಾಡಿದರು. ಇಬ್ಬರೂ ತಾವೇ ಸೋತೆವೆಂದು ನನ್ನ ಹತ್ತಿರ ಹೇಳಿಕೊಂಡರು. ಮಳೆಗಾಲ ಬಿಡುವು ಕೊಟ್ಟ ದಿನಗಳಲ್ಲಿ ಗೋಡೆ ಎದ್ದಿತು. ಕೋಲಾರದ ಮಾವ ಬಂದು ಹೊಸ ಗೋಡೆಯನ್ನು ಅಂಗೈಯಿಂದ ಬಡಿದು ನೋಡಿ, “ನಾನು ಮೊದ್ಲೇ ಹೇಳಿರ್ಲಿಲ್ವಾ, ಕೋಣೆ ಭದ್ರವಾಗಿದೆ ಅಂತ” ಎಂದರು. ಅವರು ಹಾಗೆ ಹೇಳಿರಲಿಲ್ಲ. ಯಾರೂ ತಿದ್ದಲಿಲ್ಲ.

ಈಗಿನ ಹುಡುಗರು ಮನೆಯವರಿಂದಲೇ ಫೋಟೋ ತರಿಸಿಕೊಂಡು, ಕುರ್ಚಿ ಬಿಟ್ಟು ಏಳದೆ ನಷ್ಟ ಬರೆಯುತ್ತಾರೆ. ಬರೆಯಲಿ. ಆದರೆ ಗುಡಿಸಿದ ಮನೆ ಕಂಡ ಕೂಡಲೇ ಮೋಸವೆಂದು ಗೀಟು ಎಳೆಯಬೇಡಿ. ಜನ ಬೇರೆ ಕಾರಣಕ್ಕೂ ಗುಡಿಸುತ್ತಾರೆ. ಒಳ್ಳೆಯ ಮನೆಯವರೇ ಹೆಚ್ಚು ಗುಡಿಸುತ್ತಾರೆ. ಆ ಕಾರಣ ಏನೆಂದು ಕೇಳಲು ಹೋಗಿ ಕೂರಬೇಕು, ಕೊಟ್ಟ ಶರಬತ್ತು ಕುಡಿಯಬೇಕು. ನನ್ನ ಬಿ.ಕಾಂ. ಪುಸ್ತಕದಲ್ಲಿ ಇದು ಇರಲಿಲ್ಲ. ನಿಮ್ಮ ಪರೀಕ್ಷೆಯಲ್ಲೂ ಇರಲಾರದು.

ನಿಕಾಹ್ ಮಳೆಗಾಲ ಕಳೆದ ಮೇಲೆ ಆಯಿತು. ಶೇಷಾದ್ರಿಯವರೂ ಬಂದರು, ಮಡಿಯವರು, ಒಂದು ಬಾಳೆಹಣ್ಣು ತಿಂದು, ಎಳನೀರು ಕುಡಿದರು. ಅಪ್ಪ ಕುದುರೆಗೆ ಹೂವಿನ ಹಾರ ಹಾಕಿ, ಮದುಮಗನನ್ನು ತಮ್ಮ ಗಾಡಿಯಲ್ಲೇ ಕರೆತಂದರು. ಊಟದ ಹೊತ್ತಿಗೆ ಹಿಂಗಾರಿನ ಗಾಳಿ ಎದ್ದಿತು. ಓಣಿಯಲ್ಲಿ ಶಾಮಿಯಾನ ಪಟಪಟ ಹೊಡೆದುಕೊಂಡಿತು, ಎಲೆಗಳು ಹಾರಿದವು, ಜನ ಏ ಏ ಎನ್ನುತ್ತ ಕಂಬ ಹಿಡಿದರು. ನಾನು ನಡುಮನೆಯ ಬಾಗಿಲಲ್ಲಿ ನಿಂತಿದ್ದೆ. ಆಚೆ ಗೋಡೆಗೆ ಒರಗಿ, ಅಂದು ಕೂತಲ್ಲೇ, ಜೈನಬ್ ಬೀ ಕೂತಿದ್ದರು. ಹಿಂದಿನ ಕೋಣೆಯ ಬಾಗಿಲಿಗೆ ಅದೇ ಹಸಿರು ಪರದೆ. ನೂರ್ ಅದರ ಒಳಗಿದ್ದಳು, ಈ ಸಲ ನಿಜವಾಗಿ ಹೆಂಗಸರ ಜೊತೆ.

ಹೊರಗೆ ಗಾಳಿ ಜೋರಾಯಿತು. ನಾವಿಬ್ಬರೂ ಪರದೆಯನ್ನೇ ನೋಡಿದೆವು.

ಅದು ಅಲುಗಲಿಲ್ಲ.